ಓದುಗರ ಗ್ಯಾರೇಜ್: ಡೀಸೆಲ್ ಕಾರಿನ ಸೈಲೆನ್ಸರ್ ಸೆನ್ಸರ್‌ಗಳ ಕಾಟ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ಜಾಗದ ಸುತ್ತ ಸುತ್ತುತ್ತಿವೆ, ಡೀಸೆಲ್ ಕಾರಿನ ಸೈಲೆನ್ಸರ್ ಪೈಪಲ್ಲಿ ಕೂತಿರೋ ಸೆನ್ಸರ್‌ಗಳು. ಹಾಗಾಗಿ ಕ್ಲಚ್ಚು, ಎಸಿ, ಟೈರಿನ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆ ತನಕ ಕಾಯಿರಿ, ಇವತ್ತು ಪೂರ್ತಿ ಹೊಗೆ ಕಡೆದೇ ಮಾತು. ಕೆಲವು ಪತ್ರಗಳು ಬಹಳ ಉದ್ದ ಇದ್ವು, ಮೊಟಕು ಮಾಡಿದೀನಿ.

ಪ್ರಶ್ನೆ: ಸಾರ್, ಚೆಕ್ ಎಂಜಿನ್ ಲೈಟ್ ಬಂತು ಅಂತ ಸ್ಕ್ಯಾನ್ ಮಾಡಿಸ್ದೆ, ಪಿ 0546, ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ 1 ಹೈ ಅಂತ ತೋರಿಸ್ತು. ಮೆಕ್ಯಾನಿಕ್ ಮೊದಲು ಸೈಲೆನ್ಸರ್ ಓವರ್‌ಹೀಟ್ ಆಗ್ತಿದೆ ಅಂದ್ರು, ಆಮೇಲೆ ಇಲ್ಲ ಸೆನ್ಸರೇ ಹೋಗಿದೆ ಅಂತ ಹೊಸದು ಹಾಕಿದ್ರು. ಸ್ವಲ್ಪ ದಿನ ಸುಮ್ನಿತ್ತು, ಈಗ ಮತ್ತೆ ಅದೇ ಕೋಡ್. ಸೆನ್ಸರ್ ಡೂಪ್ಲಿಕೇಟ್ ಇರ್ಬೋದಾ, ಇನ್ನೊಂದು ಹಾಕ್ಸೋದಾ?

ಉತ್ತರ: ಬೇಡ, ಸದ್ಯಕ್ಕೆ ಇನ್ನೊಂದು ತಗೋಬೇಡಿ. ಕೋಡಲ್ಲಿ ಹೈ ಅಂತ ಇರೋದು ಬಿಸಿ ಜಾಸ್ತಿ ಆಗಿದೆ ಅಂತ ಅಲ್ಲ, ಆ ಸರ್ಕ್ಯೂಟಿಂದ ಇಸಿಯುಗೆ, ಅಂದ್ರೆ ಎಂಜಿನ್ನಿನ ಕಂಪ್ಯೂಟರಿಗೆ, ಕಾಣ್ತಿರೋ ವೋಲ್ಟೇಜ್ ಇರ್ಬೇಕಾದ್ದಕ್ಕಿಂತ ಮೇಲಿದೆ ಅಂತ. ಸರ್ಕ್ಯೂಟ್ ಅಂದ್ರೆ ಸೆನ್ಸರ್ ಒಂದೇ ಅಲ್ವಲ್ಲ, ಅದರ ವೈರು, ಮಧ್ಯದ ಕನೆಕ್ಟರ್, ಅದರ ಪಿನ್ನು, ಇಸಿಯು ತನಕ ಹೋಗೋ ವೈರಿನ ಕಟ್ಟು (ಹಾರ್ನೆಸ್), ಎಲ್ಲ ಸೇರಿ. ನಿಮ್ಮ ಕೇಸಲ್ಲಿ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಿದೆ ಅನ್ಸತ್ತೆ. ಹೊಸ ಸೆನ್ಸರ್ ಹಾಕಿದ ಮೇಲೆ ಸ್ವಲ್ಪ ದಿನ ಸರಿ ಇದ್ದದ್ದು ಯಾಕೆ ಅಂದ್ರೆ, ಅದನ್ನ ಬಿಚ್ಚಿ ಹಾಕುವಾಗ ಕನೆಕ್ಟರ್ ಎಳೆದು ಚುಚ್ಚಿದಾರೆ, ಪಿನ್ ಮೇಲಿದ್ದ ಕಿಲುಬು ಒಂಚೂರು ಉಜ್ಜಿ ಹೋಗಿ ತಾತ್ಕಾಲಿಕವಾಗಿ ಕನೆಕ್ಷನ್ ಸಿಕ್ಕಿದೆ. ಇದು ಬಹಳ ಸಾಮಾನ್ಯ, ಮೆಕ್ಯಾನಿಕ್‌ಗೂ ಮೋಸ ಆಗತ್ತೆ, ಗಿರಾಕಿಗೂ ಮೋಸ ಆಗತ್ತೆ.

ಸೆನ್ಸರ್ ಕೆಲ್ಸ ಮಾಡೋ ರೀತಿ ಗೊತ್ತಿದ್ರೆ ಪರೀಕ್ಷೆ ಸುಲಭ. ಸಾಮಾನ್ಯವಾಗಿ ಎರಡು ವೈರ್ ಇರತ್ತೆ. ಇಸಿಯು ಒಳಗಿರೋ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಬರತ್ತೆ, ಸೆನ್ಸರ್ ಬಿಸಿಯಾದ ಹಾಗೆ ಅದರ ರೆಸಿಸ್ಟೆನ್ಸ್ ಬದಲಾಗತ್ತೆ, ಆ ವೋಲ್ಟೇಜ್ ನೋಡಿ ಇಸಿಯು ಡಿಗ್ರಿ ಲೆಕ್ಕ ಹಾಕತ್ತೆ. ತುಂಬಾ ಕಾರುಗಳಲ್ಲಿ ಇರೋದು ಪಿಟಿ 200 ಅನ್ನೋ ಪ್ಲಾಟಿನಮ್ ಜಾತಿ. ಸೊನ್ನೆ ಡಿಗ್ರಿಗೆ 200 ಓಮ್, 25 ಡಿಗ್ರಿಗೆ ಸುಮಾರು 220, 100 ಡಿಗ್ರಿಗೆ 277ರ ಹತ್ರ, 800 ಡಿಗ್ರಿಗೆ ಸುಮಾರು 750. ಬಿಸಿ ಏರಿದಂತೆ ಓಮ್ ಏರತ್ತೆ. ಇನ್ನೊಂದು ಎನ್‌ಟಿಸಿ ಜಾತಿ, ಅದು ಉಲ್ಟಾ, ತಣ್ಣಗಿದ್ದಾಗ ರೆಸಿಸ್ಟೆನ್ಸ್ ಬಹಳ ಜಾಸ್ತಿ, ಬಿಸಿಯಾದ್ರೆ ಇಳಿಯತ್ತೆ. ಹಾಗಾಗಿ ವೈರ್ ಕಟ್ಟಾದ್ರೆ ಎರಡರಲ್ಲೂ ವೋಲ್ಟೇಜ್ ಮೇಲಕ್ಕೇ ಹೋಗತ್ತೆ, ಆದ್ರೆ ಪಿಟಿ 200 ಇದ್ರೆ ಸ್ಕ್ಯಾನರಲ್ಲಿ ಕೆಂಡದಷ್ಟು ಬಿಸಿ ತೋರಿಸತ್ತೆ, ಎನ್‌ಟಿಸಿ ಇದ್ರೆ ಕೊರೆಯೋ ಚಳಿ. ನಿಮ್ಮ ಮೆಕ್ಯಾನಿಕ್‌ಗೆ ಓವರ್‌ಹೀಟ್ ಅನ್ಸಿದ್ದು ಇದರಿಂದಾನೇ ಇರ್ಬೇಕು.

ಮೊದಲನೇ ಪರೀಕ್ಷೆಗೆ ಟೂಲೇ ಬೇಡ, ಲೈವ್ ಡೇಟಾ ತೋರಿಸೋ ಸಾದಾ ಓಬಿಡಿ ಸ್ಕ್ಯಾನರ್ ಸಾಕು. ರಾತ್ರಿಯೆಲ್ಲ ನಿಂತ ಗಾಡೀಲಿ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಇಗ್ನಿಷನ್ ಮಾತ್ರ ಆನ್ ಮಾಡಿ ಕೂಲೆಂಟ್ ಟೆಂಪರೇಚರ್, ಒಳಗೆ ಹೋಗೋ ಗಾಳಿಯ ಟೆಂಪರೇಚರ್, ಎಕ್ಸಾಸ್ಟಿನ ಎಲ್ಲಾ ಸೆನ್ಸರ್‌ಗಳ ಟೆಂಪರೇಚರ್ ಒಟ್ಟಿಗೆ ನೋಡಿ. ಎಲ್ಲಾ ಹೆಚ್ಚುಕಮ್ಮಿ ಒಂದೇ ಇರ್ಬೇಕು, ಒಂದು ಮಾತ್ರ 60, 70 ಡಿಗ್ರಿ ದೂರ ನಿಂತಿದ್ರೆ ಕಳ್ಳ ಸಿಕ್ಕ. ಒಂದು ಎಚ್ಚರ ಏನಂದ್ರೆ, ಕೋಡ್ ಬಿದ್ದ ಮೇಲೆ ಕೆಲವು ಇಸಿಯು ನಿಜವಾದ ರೀಡಿಂಗ್ ಬಿಟ್ಟು ತಾನೇ ಊಹಿಸಿದ ಒಂದು ನಂಬರ್ ಹಾಕಿ ತೋರಿಸ್ತವೆ, ಅದು ನೋಡೋಕೆ ಚೆನ್ನಾಗೇ ಇರತ್ತೆ. ಅದಕ್ಕೆ ಕೋಡ್ ಬರ್ಕೊಂಡು, ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಕ್ಷಣದ ರೀಡಿಂಗ್‌ಗಳು) ಫೋಟೋ ತಗೊಂಡು, ಅಳಿಸಿ, ಆಮೇಲೆ ನೋಡಿ. ಸೆನ್ಸರಿನ ವೋಲ್ಟೇಜನ್ನೇ ತೋರಿಸೋ ಸ್ಕ್ಯಾನರ್ ಇದ್ರೆ ಇನ್ನೂ ಒಳ್ಳೇದು.

ಎರಡನೇದು, ಕನೆಕ್ಟರ್ ಬಿಚ್ಚಿ. ರೀಡಿಂಗ್ ಒಂದು ಕೊನೆಗೆ ಓಡ್ಬೇಕು. ಆಮೇಲೆ ಹಾರ್ನೆಸ್ ಕಡೆಯ ಎರಡೂ ಪಿನ್‌ಗೆ ಒಂದು ಸಣ್ಣ ವೈರ್ ಸೇರಿಸಿ, ರೀಡಿಂಗ್ ಇನ್ನೊಂದು ಕೊನೆಗೆ ಓಡ್ಬೇಕು. ಪಿಟಿ 200 ಜಾತಿ ಆದ್ರೆ 220 ಓಮಿನ ಒಂದು ರೆಸಿಸ್ಟರ್ ಅಲ್ಲಿ ಇಟ್ಟು ನೋಡಿ, ಸ್ಕ್ಯಾನರಲ್ಲಿ ಸರಿಸುಮಾರು 25 ಡಿಗ್ರಿ ಬಂದ್ರೆ ಇಸಿಯುವಿಂದ ಕನೆಕ್ಟರ್ ತನಕ ಎಲ್ಲ ಸರಿ ಇದೆ, ಸೆನ್ಸರೇ ತಪ್ಪು. ಏನ್ ಮಾಡಿದ್ರೂ ನಂಬರ್ ಅಲ್ಲಾಡ್ತಿಲ್ಲ ಅಂದ್ರೆ ಹಾರ್ನೆಸ್ ಹಿಡ್ಕೊಂಡು ಹುಡುಕ್ತಾ ಹೋಗಿ.

ವೈರ್ ಹುಡುಕೋವಾಗ ಕಣ್ಣಿಗಿಂತ ಬೆರಳು ನಂಬಿ. ಸೆನ್ಸರಿಂದ ಬರೋ ವೈರ್ ಮೇಲೆ ನೇಯ್ದ ಗಾಜಿನ ನಾರಿನ ಕವಚ ಇರತ್ತೆ, ಮೇಲಿಂದ ನೋಡಿದ್ರೆ ಹೊಸದರ ಹಾಗೇ ಕಾಣತ್ತೆ, ಆದ್ರೆ ಹೀಟ್ ಶೀಲ್ಡಿನ ತಗಡು ತಾಗೋ ಜಾಗದಲ್ಲಿ ಕವಚ ಹಿಂದಕ್ಕೆ ಸರಿಸಿ ನೋಡಿ, ಒಳಗಿನ ವೈರಿನ ಮೈ ಸವೆದು ತಾಮ್ರ ಮಿಂಚ್ತಿರತ್ತೆ, ಎಂಜಿನ್ ಅದುರಿದಾಗ ಮಾತ್ರ ತಗಡಿಗೆ ಮುಟ್ಟಿ ಬಿಡತ್ತೆ. ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಪಿನ್ ಬುಡದಲ್ಲಿ ಹಸಿರು ಪುಡಿ ಇದ್ರೆ ನೀರು ಹೋಗಿದೆ. ಹೆಣ್ಣು ಪಿನ್ ಅಗಲ ಆಗಿದ್ರೂ ಇದೇ ಕಥೆ. ಲೈವ್ ಡೇಟಾ ಗ್ರಾಫ್ ಹಾಕ್ಕೊಂಡು ಒಬ್ರು ಸ್ಕ್ರೀನ್ ನೋಡ್ತಾ ಇರಿ, ಇನ್ನೊಬ್ರು ಹಾರ್ನೆಸ್ಸನ್ನ ಗೇಣು ಗೇಣು ಅಲ್ಲಾಡಿಸ್ತಾ ಹೋಗಿ. ಗ್ರಾಫ್ ಎಲ್ಲಿ ಎಗರಿತೋ ಅಲ್ಲೇ ರಿಪೇರಿ. ಬಿಸಿ ಕಡೆ ವೈರ್ ಕತ್ತರಿಸಿ ಬೆಸುಗೆ ಹಾಕೋದು, ಇನ್ಸುಲೇಷನ್ ಟೇಪ್ ಸುತ್ತೋದು ಮಾತ್ರ ಮಾಡ್ಬೇಡಿ, ಸೀಸ ಕರಗತ್ತೆ, ಟೇಪ್ ಸುಟ್ಟು ಜಿಗುಟಾಗತ್ತೆ. ಸೆನ್ಸರಿನ ಸ್ವಂತ ವೈರ್ ಹಾಳಾಗಿದ್ರೆ ಸೆನ್ಸರ್ ಬದಲಾಯಿಸೋದೇ ದಾರಿ.

ಇನ್ನೊಂದು ವಿಷ್ಯ, ಕೆಲವು ಕಾರುಗಳಲ್ಲಿ ಈ ಸೆನ್ಸರ್‌ಗಳು ಒಂದು ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿಗೆ ಸೇರಿ ಡಿಜಿಟಲ್ ಸಿಗ್ನಲ್ ಕಳಿಸ್ತವೆ. ಅಂಥದ್ರಲ್ಲಿ ಓಮ್ ಅಳೆಯೋದು, ಪಿನ್ ಸೇರಿಸೋದು ಎರಡೂ ನಡೆಯಲ್ಲ. ವೈರಿಂಗ್ ಡಯಾಗ್ರಾಮ್ ನೋಡ್ದೆ ಕೈ ಹಾಕ್ಬೇಡಿ.

ಪ್ರಶ್ನೆ: ಸೆನ್ಸರ್ 1, 2, 3 ಅಂತಾರೆ, ಬ್ಯಾಂಕ್ 1 ಅಂತಾರೆ, ಯಾವುದು ಎಲ್ಲಿರತ್ತೆ?

ಉತ್ತರ: ಎಂಜಿನ್ ಕಡೆಯಿಂದ ಲೆಕ್ಕ. ಹೊಗೆ ಮೊದಲು ಸಿಗೋದು ಸೆನ್ಸರ್ 1, ಸಾಮಾನ್ಯವಾಗಿ ಟರ್ಬೋ ಮುಂಚೆ ಅಥವಾ ಹಿಂದೆ, ಆಮೇಲೆ ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟ್, ಮಸಿ ಹಿಡಿಯೋ ಫಿಲ್ಟರ್ ಆದ ಡಿಪಿಎಫ್ ಆಚೀಚೆ 2, 3, 4. ಬ್ಯಾಂಕ್ 1 ಅಂದ್ರೆ ಒಂದನೇ ಸಿಲಿಂಡರ್ ಇರೋ ಸಾಲು, ನಾಲ್ಕು ಸಿಲಿಂಡರ್ ಒಂದೇ ಸಾಲಲ್ಲಿದ್ರೆ ಬ್ಯಾಂಕ್ 2 ಇರೋದೇ ಇಲ್ಲ. ಆದ್ರೆ ಎಲ್ಲಾ ಕಂಪನಿಯವರೂ ಒಂದೇ ತರ ಎಣಿಸಲ್ಲ, ಅನುಮಾನ ಬಂದ್ರೆ ಒಂದೊಂದೇ ಕನೆಕ್ಟರ್ ಬಿಚ್ಚಿ, ಸ್ಕ್ರೀನಲ್ಲಿ ಯಾವ ನಂಬರ್ ಕೆಡ್ತು ನೋಡಿ, ಮುಗೀತು.

ಪ್ರಶ್ನೆ: ಕಾರು ಸಡನ್ನಾಗಿ ಪಿಕಪ್ ಕಳ್ಕೊಂಡು ಲಿಂಪ್ ಮೋಡಿಗೆ ಹೋಗತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಸರಿ. ಪಿ 2453 ಮತ್ತು ಪಿ 2463 ಎರಡೂ ಇದೆ. ಡಿಪಿಎಫ್ ಪೂರ್ತಿ ಬ್ಲಾಕ್ ಆಗಿದೆ, ಹೊಸದೇ ಹಾಕ್ಬೇಕು ಅಂತ ವರ್ಕ್‌ಶಾಪಲ್ಲಿ ಹೇಳ್ತಿದಾರೆ. ದೊಡ್ಡ ಖರ್ಚು, ಅದಕ್ಕೆ ಮುಂಚೆ ನಿಮ್ಮನ್ನ ಕೇಳೋಣ ಅಂತ.

ಉತ್ತರ: ಒಳ್ಳೇದಾಯ್ತು ಕೇಳಿದ್ದು. ಪಿ 2463 ಅಂದ್ರೆ ಫಿಲ್ಟರಲ್ಲಿ ಮಸಿ ಜಾಸ್ತಿ ಆಗಿದೆ ಅಂತ ಇಸಿಯು ಅಂದ್ಕೊಂಡಿದೆ. ಪಿ 2453 ಅಂದ್ರೆ ಆ ಲೆಕ್ಕ ಕೊಡೋ ಪ್ರೆಷರ್ ಸೆನ್ಸರಿನ ಮಾತೇ ನಂಬೋ ಹಾಗಿಲ್ಲ ಅಂತ. ಎರಡೂ ಒಟ್ಟಿಗೆ ಬಂದಾಗ ಪಿ 2453ನ್ನ ಮೊದಲು ಸರಿ ಮಾಡ್ಬೇಕು, ಸಾಕ್ಷಿ ಸರಿಯಿಲ್ದೆ ತೀರ್ಪು ಕೊಡೋದು ಹೇಗೆ?

ಈ ಡಿಫರೆನ್ಷಿಯಲ್ ಪ್ರೆಷರ್ ಸೆನ್ಸರಿಗೆ ಎರಡು ರಬ್ಬರ್ ಪೈಪ್ ಬರತ್ತೆ, ಒಂದು ಡಿಪಿಎಫ್ ಮುಂದಿಂದ, ಒಂದು ಹಿಂದಿಂದ. ಎರಡರ ನಡುವಿನ ಒತ್ತಡದ ವ್ಯತ್ಯಾಸ ಎಷ್ಟಿದೆಯೋ ಅಷ್ಟು ಫಿಲ್ಟರ್ ಕಟ್ಟಿಕೊಂಡಿದೆ ಅಂತ ಲೆಕ್ಕ. ಕೆಲವು ಕಾರಲ್ಲಿ ಒಂದೇ ಪೈಪ್, ಇನ್ನೊಂದು ಕಡೆ ಹೊರಗಿನ ಗಾಳಿಗೆ ಬಿಟ್ಟಿರ್ತಾರೆ. ವೈರ್ ಮೂರು, 5 ವೋಲ್ಟ್, ಗ್ರೌಂಡ್, ಸಿಗ್ನಲ್.

ಎಂಜಿನ್ ಆಫ್ ಇಟ್ಟು ಇಗ್ನಿಷನ್ ಆನ್ ಮಾಡಿ. ಹೊಗೆ ಹರಿವೇ ಇಲ್ಲ, ಅಂದ್ಮೇಲೆ ಸ್ಕ್ಯಾನರಲ್ಲಿ ಸೊನ್ನೆ ಮಿಲಿಬಾರ್ ಅಥವಾ ಅದರ ಪಕ್ಕದಲ್ಲೇ ಇರ್ಬೇಕು, ಸಿಗ್ನಲ್ ವೈರಲ್ಲಿ ಹೆಚ್ಚಿನ ಸೆನ್ಸರ್‌ಗಳು ಅರ್ಧ ವೋಲ್ಟಿಂದ ಒಂದು ವೋಲ್ಟ್ ಒಳಗೆ ಕೊಡ್ತವೆ. ಇಲ್ಲೇ 20, 30 ಮಿಲಿಬಾರ್ ತೋರಿಸ್ತಿದ್ರೆ ಪೈಪ್ ಎರಡೂ ಸೆನ್ಸರಿಂದ ಎಳೆದುಬಿಡಿ. ಆಗಲೂ ಹಾಗೇ ಇದ್ರೆ ಸೆನ್ಸರ್ ಅಥವಾ ಅದರ ವೈರು, ಸೊನ್ನೆಗೆ ಇಳಿದ್ರೆ ಪೈಪೊಳಗೆ ನೀರೋ ಮಸಿಯೋ ಸಿಕ್ಕಾಕೊಂಡಿದೆ. ಆಮೇಲೆ ಸ್ಟಾರ್ಟ್ ಮಾಡಿ. ಐಡಲಲ್ಲಿ ಒಳ್ಳೆ ಫಿಲ್ಟರಿಗೆ ಕೆಲವೇ ಮಿಲಿಬಾರ್, ಆಕ್ಸಿಲರೇಟರ್ ಒತ್ತಿದ್ರೆ ನಿಧಾನಕ್ಕೆ ಏರಿ ಬಿಟ್ಟ ಕೂಡ್ಲೆ ಇಳಿಯತ್ತೆ. ಎಷ್ಟು ಒತ್ತಿದ್ರೂ ಸೊನ್ನೆಯಲ್ಲೇ ಮಲ್ಗಿದ್ರೆ ಪೈಪ್ ಒಡೆದಿದೆ, ಕಟ್ಟಿದೆ, ಅಥವಾ ಯಾರೋ ಫಿಲ್ಟರೇ ಖಾಲಿ ಮಾಡಿಸಿದಾರೆ. ಮೈನಸ್ಸಿಗೆ ಹೋದ್ರೆ ಎರಡು ಪೈಪ್ ಅದಲುಬದಲು ಆಗಿದೆ.

ಪೈಪ್ ನೋಡೋದಕ್ಕೂ ಒಂದು ಕ್ರಮ ಇದೆ. ಫಿಲ್ಟರ್ ಕಡೆ ತುದಿ, ಲೋಹದ ಕೊಳವೆ ಮೇಲೆ ಕೂರೋ ಜಾಗ, ಅದರ ಕೆಳಮೈ, ಅಲ್ಲಿ ಬೆರಳಿಟ್ಟು ಬಗ್ಗಿಸಿ. ನೇರ ಇದ್ದಾಗ ಕಾಣದ ಸೀಳು ಬಗ್ಗಿಸಿದಾಗ ಬಾಯಿ ಬಿಡತ್ತೆ, ಒಳಗೆ ಕಪ್ಪು ಮಸಿ ಅಂಟಿರತ್ತೆ. ಪಕ್ಕದ ಯಾವುದಾದ್ರೂ ಭಾಗದ ಮೇಲೆ ಬೆರಳಗಲ ಕಪ್ಪು ಕಲೆ ಇದ್ರೂ ಅದೇ ಸೂಚನೆ. ಹೊಸ ಪೈಪ್ ಹಾಕುವಾಗ ಶಾಖ ತಡೆಯೋದನ್ನೇ ಹಾಕಿ, ಡೀಸೆಲ್ ಪೈಪೋ ನೀರಿನ ಪೈಪೋ ಸಿಕ್ಕಿದ್ದು ಸಿಗಿಸಿದ್ರೆ ಮತ್ತೆ ಕರಗಿ ಕೂರತ್ತೆ. ಲೋಹದ ಕೊಳವೆ ಒಳಗೂ ತುಕ್ಕು, ಮಸಿ ಕಟ್ಟಿರತ್ತೆ, ತಂತಿ ಹಾಕಿ ಬಿಡಿಸಿ, ಗಾಳಿ ಊದಿ. ಆದ್ರೆ ಊದೋ ಮುಂಚೆ ಸೆನ್ಸರ್ ಕಡೆ ಪೈಪ್ ಬಿಚ್ಚಿರ್ಬೇಕು. ಕಂಪ್ರೆಸರ್ ಗಾಳಿ ಸೆನ್ಸರ್ ಒಳಗೆ ಹೋದ್ರೆ ಅದರ ತೆಳು ಪರದೆ ಅಲ್ಲೇ ಸತ್ತ ಹಾಗೆ. ಸೆನ್ಸರ್ ಪರೀಕ್ಷೆಗೆ ಸೂಜಿ ಇಲ್ಲದ ಸಿರಿಂಜ್ ಸಾಕು, ಮುಂದಿನ ಪೈಪಿನ ಮೂತಿಗೆ ಒಂದು ತುಂಡು ಟ್ಯೂಬ್ ಸಿಗಿಸಿ ಮೆತ್ತಗೆ ಒತ್ತಿ, ನಂಬರ್ ಏರ್ಬೇಕು, ಹಿಡಿದಷ್ಟು ಹೊತ್ತು ನಿಲ್ಬೇಕು, ಬಿಟ್ರೆ ಸೊನ್ನೆಗೆ ಬರ್ಬೇಕು. ಏರಿದ್ದು ಇಳಿಯದೆ ನಿಂತ್ರೆ ಸೆನ್ಸರ್ ಬದಲಾಯಿಸಿ, ಬದಲಾಯಿಸಿದ ಮೇಲೆ ಸ್ಕ್ಯಾನ್ ಟೂಲಲ್ಲಿ ಸೊನ್ನೆ ಕಲಿಸೋ ಫಂಕ್ಷನ್ ಇದ್ರೆ ಅದನ್ನ ಮಾಡಿಸೋದು ಮರೀಬೇಡಿ, ತುಂಬಾ ಜನ ಇದೊಂದನ್ನ ಬಿಟ್ಟು ಹೊಸ ಸೆನ್ಸರನ್ನ ಬೈತಾರೆ.

ಇದೆಲ್ಲ ಸರಿ ಇದ್ದು ನಿಜವಾಗ್ಲೂ ಒತ್ತಡ ಜಾಸ್ತಿ ಇದ್ರೆ ಆಗ ಫಿಲ್ಟರ್ ವಿಷ್ಯಕ್ಕೆ ಬನ್ನಿ. ಮಸಿ ಆದ್ರೆ ಸುಟ್ಟು ಹೋಗತ್ತೆ, ಎಂಜಿನ್ ಆಯಿಲಿಂದ ಬರೋ ಬೂದಿ ಸುಡಲ್ಲ, ಅದು ಲಕ್ಷಗಟ್ಲೆ ಕಿಲೋಮೀಟರಲ್ಲಿ ನಿಧಾನಕ್ಕೆ ತುಂಬತ್ತೆ, ಅದಕ್ಕೆ ಫಿಲ್ಟರ್ ಬಿಚ್ಚಿ ತೊಳೆಸೋದು ಅಥವಾ ಹೊಸದು. ನಿಮ್ಮ ಗಾಡಿ ಓಡಿದ್ದು ಎಷ್ಟು ಅಂತ ನೀವು ಬರ್ದಿಲ್ಲ, ಕಮ್ಮಿ ಓಡಿದ್ರೆ ಬೂದಿ ತುಂಬಿರೋ ಸಾಧ್ಯತೆ ಕಮ್ಮಿ. ಮಸಿ ಮಿತಿ ಮೀರಿದೆ ಅಂತ ಸ್ಕ್ಯಾನರ್ ಹೇಳಿದ್ರೆ ನಿಲ್ಸಿದ ಜಾಗದಲ್ಲೇ ಫೋರ್ಸ್ ರೀಜನರೇಷನ್ (ಸ್ಕ್ಯಾನರಿಂದ ಬಲವಂತವಾಗಿ ಮಸಿ ಸುಡಿಸೋದು) ಹೊಡೆಸೋ ಧೈರ್ಯ ಮಾಡ್ಬೇಡಿ, ಅಷ್ಟೂ ಮಸಿಗೆ ಒಂದೇ ಸಲ ಬೆಂಕಿ ಬಿದ್ರೆ ಫಿಲ್ಟರ್ ಒಳಗೆ 1000 ಡಿಗ್ರಿ ದಾಟಿ ಸೆರಾಮಿಕ್ ಬಿರುಕು ಬಿಡತ್ತೆ, ಕರಗೋದೂ ಉಂಟು. ಮಿತಿ ಒಳಗಿದ್ದು ಮಾಡಿಸೋದಾದ್ರೂ ಬಯಲಲ್ಲಿ, ಕೆಳಗೆ ಒಣ ಹುಲ್ಲು, ಎಲೆ, ಪೇಪರ್ ಇಲ್ಲದ ಜಾಗದಲ್ಲಿ, ಪಕ್ಕದಲ್ಲಿ ಆಳು ಇಟ್ಕೊಂಡು.

ಪ್ರಶ್ನೆ: ನನ್ನ ಕಾರಲ್ಲಿ ಎಂಜಿನ್ ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಿದೆ! ಡಿಪ್‌ಸ್ಟಿಕ್ಕಲ್ಲಿ ಮ್ಯಾಕ್ಸ್ ಗೆರೆ ದಾಟಿದೆ, ಡೀಸೆಲ್ ವಾಸನೆ ಬರತ್ತೆ. ಮನೆಗೆ ಬಂದು ಆಫ್ ಮಾಡಿದ್ ಮೇಲೂ ಫ್ಯಾನ್ ಜೋರಾಗಿ ತಿರುಗ್ತಾನೇ ಇರತ್ತೆ. ಇಂಜೆಕ್ಟರ್ ಲೀಕಾ?

ಉತ್ತರ: ಇಂಜೆಕ್ಟರೂ ಇರ್ಬೋದು, ಆದ್ರೆ ಫ್ಯಾನ್ ವಿಷ್ಯ ಕೇಳಿದ್ರೆ ರೀಜನರೇಷನ್ ಅರ್ಧಕ್ಕೆ ನಿಲ್ತಿದೆ ಅಂತ ನನ್ನ ಅನುಮಾನ. ಫಿಲ್ಟರಿನ ಮಸಿ ಸುಡೋಕೆ 550ರಿಂದ 650 ಡಿಗ್ರಿ ಬೇಕು, ಸಾಮಾನ್ಯ ಓಡಾಟದಲ್ಲಿ ಡೀಸೆಲ್ ಹೊಗೆ ಅಷ್ಟು ಬಿಸಿ ಇರಲ್ಲ, ಅದಕ್ಕೆ ಇಸಿಯು ಪವರ್ ಸ್ಟ್ರೋಕ್ ಮುಗಿಯೋ ಹೊತ್ತಿಗೆ ಇನ್ನೊಂಚೂರು ಡೀಸೆಲ್ ಚಿಮ್ಮಿಸತ್ತೆ, ಅದು ಕ್ಯಾಟಲಿಸ್ಟಲ್ಲಿ ಉರಿದು ಶಾಖ ಏರಿಸತ್ತೆ. ಆ ಲೇಟಾಗಿ ಬಿದ್ದ ಡೀಸೆಲಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ ಆಯಿಲ್ ಸೇರತ್ತೆ. ರೀಜನ್ ಸಲೀಸಾಗಿ ಮುಗಿದ್ರೆ ಸೇರಿದ್ದು ಕಮ್ಮಿ, ಆಮೇಲೆ ಒಂದಿಷ್ಟು ಆವಿಯಾಗಿ ಹೋಗತ್ತೆ. ಪ್ರತಿಸಲ ಶುರುವಾಗಿ ನೀವು ಪ್ರತಿಸಲ ಮಧ್ಯದಲ್ಲೇ ಆಫ್ ಮಾಡ್ತಾ ಹೋದ್ರೆ ಆಯಿಲ್ ಏರ್ತಾ ಹೋಗತ್ತೆ.

ಮೊದಲನೇ ಕೆಲ್ಸ, ಆಯಿಲ್ ಬದಲಾಯಿಸಿ, ಇವತ್ತೇ. ತೆಳುವಾದ ಆಯಿಲಲ್ಲಿ ಟರ್ಬೋ ಮತ್ತು ಬೇರಿಂಗ್ ಸವೆಯತ್ತೆ, ಮಟ್ಟ ಬಹಳ ಮೇಲೆ ಹೋದ್ರೆ ಎಂಜಿನ್ ಆ ಆಯಿಲನ್ನೇ ಎಳ್ಕೊಂಡು ಕೀ ತೆಗೆದ್ರೂ ನಿಲ್ದೆ ಓಡೋ ಅಪಾಯ ಇದೆ. ಹಾಕೋದು ಡಿಪಿಎಫ್ ಇರೋ ಎಂಜಿನ್ನಿಗೆ ಅಂತ ಇರೋ ಕಮ್ಮಿ ಬೂದಿಯ ಆಯಿಲ್, ಮ್ಯಾನುಯಲಲ್ಲಿ ಬರ್ದಿರೋ ಗ್ರೇಡ್.

ಆಮೇಲೆ ಯಾಕೆ ಮುಗೀತಿಲ್ಲ ಅಂತ ಹುಡುಕ್ಬೇಕು. ನೀವು ಬರೀ ಹತ್ರ ಹತ್ರ ಓಡಿಸೋದಾದ್ರೆ ಕಾರಣ ಅದೇ, ವಾರಕ್ಕೊಮ್ಮೆ ಖಾಲಿ ಹೆದ್ದಾರೀಲಿ 60 ಕಿಲೋಮೀಟರ್ ಮೇಲಿನ ವೇಗದಲ್ಲಿ ಒಂದು 20, 25 ನಿಮಿಷ ಒಂದೇ ಸಮ ಓಡಿಸಿ. ಹಾಗೆ ಓಡ್ಸಿದ್ರೂ ಆಗ್ತಿಲ್ಲ ಅಂದ್ರೆ ಕೂಲೆಂಟ್ ಟೆಂಪರೇಚರ್ ನೋಡಿ, ಥರ್ಮೋಸ್ಟಾಟ್ ತೆರೆದೇ ಸಿಕ್ಕಾಕೊಂಡಿದ್ರೆ ಎಂಜಿನ್ 70 ಡಿಗ್ರಿ ದಾಟೋದೇ ಕಷ್ಟ, ಎಂಜಿನ್ ಸರಿಯಾಗಿ ಬಿಸಿಯಾಗದೆ ಎಷ್ಟೋ ಕಾರುಗಳು ರೀಜನ್ ಶುರುನೇ ಮಾಡಲ್ಲ. ಟ್ಯಾಂಕಲ್ಲಿ ಡೀಸೆಲ್ ರಿಸರ್ವಿಗೆ ಬಂದಿದ್ರೂ ಬಹಳಷ್ಟು ಗಾಡಿಗಳು ಮಾಡಲ್ಲ. ಇನ್ನು ಟೆಂಪರೇಚರ್ ಸೆನ್ಸರಿನ ಒಂದು ಸಣ್ಣ ಕೋಡ್ ಇದ್ರೂ ಸಾಕು, ಫಿಲ್ಟರ್ ಎಷ್ಟು ಬಿಸಿ ಇದೆ ಅಂತ ಗೊತ್ತಿಲ್ದೆ ಬೆಂಕಿ ಹಚ್ಚೋಕೆ ಇಸಿಯು ಒಪ್ಪಲ್ಲ. ಅದಕ್ಕೇ ನಾನು ಪದೇ ಪದೇ ಬರಿಯೋದು, ಇಂಥ ಕೋಡ್ ಬಂದಾಗ ಗಾಡಿ ಚೆನ್ನಾಗೇ ಓಡ್ತಿದೆಯಲ್ಲ ಅಂತ ತಿಂಗಳುಗಟ್ಲೆ ಬಿಡ್ಬೇಡಿ, ಚಿಕ್ಕ ಸೆನ್ಸರ್ ಕೆಟ್ಟಿದ್ದು ಕೊನೆಗೆ ಫಿಲ್ಟರನ್ನೇ ತಿನ್ನತ್ತೆ.

ಪ್ರಶ್ನೆ: ಆಡ್‌ಬ್ಲೂ ಹಾಕೋ ಕಾರು ನಮ್ದು. ಇಷ್ಟು ಕಿಲೋಮೀಟರ್ ಆದ್ಮೇಲೆ ಸ್ಟಾರ್ಟ್ ಆಗಲ್ಲ ಅಂತ ಮೆಸೇಜ್ ಬಂದು ನಂಬರ್ ಇಳೀತಾ ಇದೆ. ಕೋಡ್ ಪಿ 20ಇಇ. ಒಬ್ರು ನಾಕ್ಸ್ ಸೆನ್ಸರ್ ಅಂತಾರೆ, ಇನ್ನೊಬ್ರು ಇಡೀ ಎಸ್‌ಸಿಆರ್ ಅಂತಾರೆ, ಮೂರನೇಯವ್ರು ಆಡ್‌ಬ್ಲೂ ಕಲಬೆರಕೆ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಮೂವರೂ ಊಹೆ ಮಾಡ್ತಿದಾರೆ, ಮೂವರದ್ದೂ ಸರಿ ಇರ್ಬೋದು, ಅದೇ ಕಷ್ಟ. ಆಡ್‌ಬ್ಲೂ ಅನ್ನೋ ಯೂರಿಯಾ ದ್ರಾವಣ ಚಿಮ್ಮಿಸಿ ಹೊಗೆಯ ನೈಟ್ರೋಜನ್ ಆಕ್ಸೈಡ್ (ನಾಕ್ಸ್) ಕಮ್ಮಿ ಮಾಡೋ ಕ್ಯಾಟಲಿಸ್ಟ್ ವ್ಯವಸ್ಥೆಯೇ ಎಸ್‌ಸಿಆರ್, ಪಿ 20ಇಇ ಅಂದ್ರೆ ಆ ಕೆಲಸ ಸಾಕಷ್ಟು ಆಗ್ತಿಲ್ಲ ಅನ್ನೋ ಫಲಿತಾಂಶ ಅಷ್ಟೇ, ಕಾರಣ ಅಲ್ಲ. ಸೆನ್ಸರೇ ಕೆಟ್ಟಿದ್ರೆ ಸಾಮಾನ್ಯವಾಗಿ ಪಿ 2200 ಅಥವಾ ಪಿ 229ಇ, ಅದರ ಜೊತೆ ಮಾತೇ ನಿಂತಿದ್ರೆ ಯು 029ಡಿ, ಯು 029ಇ ಅಂಥವು ಜೊತೆಗೆ ಇರ್ತವೆ.

ಈ ನಾಕ್ಸ್ ಸೆನ್ಸರ್ ಸಾದಾ ಸೆನ್ಸರ್ ಅಲ್ಲ, ಅದರ ವೈರಿನ ತುದೀಲಿ ಒಂದು ಡಬ್ಬಿ ಇದ್ಯಲ್ಲ, ಅದು ಸಣ್ಣ ಕಂಪ್ಯೂಟರ್. ತುದಿಯಲ್ಲಿ ಜಿರ್ಕೋನಿಯಾ ಸೆರಾಮಿಕ್, ಅದು ಸುಮಾರು 800 ಡಿಗ್ರಿಗೆ ಕಾದು ಕೆಲಸ ಮಾಡತ್ತೆ, ಒಂದು ಕೋಣೆಯಲ್ಲಿ ಆಕ್ಸಿಜನ್ ಹೊರಗೆ ತಳ್ಳಿ ಇನ್ನೊಂದರಲ್ಲಿ ನಾಕ್ಸ್ ಒಡೆದು ಅದರ ಆಕ್ಸಿಜನ್ ಅಳೆದು, ಉತ್ತರವನ್ನ ಕ್ಯಾನ್ ಲೈನಲ್ಲಿ (ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳೋ ಜೋಡಿ ವೈರ್) ಇಸಿಯುಗೆ ಕಳಿಸತ್ತೆ. ಡಬ್ಬಿ ಮತ್ತು ತುದಿ ಜೋಡಿಯಾಗಿ ಫ್ಯಾಕ್ಟರೀಲಿ ಹೊಂದಿಸಿರ್ತಾರೆ, ಹಾಗಾಗಿ ಬರೀ ತುದಿ ಅಥವಾ ಬರೀ ಡಬ್ಬಿ ಬದಲಾಯಿಸೋ ಆಟ ಬೇಡ. ಮಲ್ಟಿಮೀಟರಲ್ಲಿ ಸೆನ್ಸರ್ ಅಳೆಯೋಕೆ ಆಗಲ್ಲ, ಆದ್ರೆ ಅದಕ್ಕೆ ಬರೋದನ್ನ ಅಳೀಬೋದು. ಬ್ಯಾಟರಿ ವೋಲ್ಟೇಜ್ ಬರ್ತಿದ್ಯಾ, ಗ್ರೌಂಡ್ ಗಟ್ಟಿ ಇದ್ಯಾ, ಫ್ಯೂಸ್ ಹೋಗಿಲ್ವಾ. ಬ್ಯಾಟರಿ ಬಿಚ್ಚಿ ಕ್ಯಾನ್‌ನ ಎರಡು ವೈರ್ ನಡುವೆ ಅಳೆದ್ರೆ ಸುಮಾರು 60 ಓಮ್ ಬರ್ಬೇಕು. 120 ಬಂದ್ರೆ ಆ ಲೈನ್ ಎಲ್ಲೋ ಕಟ್ಟಾಗಿದೆ.

ಸೆನ್ಸರ್ ನಿಜ ಹೇಳ್ತಿದ್ಯಾ ಅಂತ ನೋಡೋಕೆ ಲೈವ್ ಡೇಟಾ ಹಾಕ್ಕೊಂಡು ಒಂದು ರೌಂಡ್ ಹೋಗಿ, ಪಕ್ಕದಲ್ಲಿ ಬೇರೆಯವರು ಕೂತು ಓದ್ಲಿ, ನೀವು ಓಡ್ಸುವಾಗ ಸ್ಕ್ರೀನ್ ನೋಡ್ಬೇಡಿ. ಇಳಿಜಾರಲ್ಲಿ ಗೇರಲ್ಲೇ ಬಿಟ್ಟು ಆಕ್ಸಿಲರೇಟರಿಂದ ಕಾಲು ತೆಗೆದಾಗ ಡೀಸೆಲ್ ಇಂಜೆಕ್ಷನ್ ನಿಂತು ಪೈಪಲ್ಲಿ ಬರೀ ಗಾಳಿ ಹೋಗತ್ತೆ, ಆಗ ಎಸ್‌ಸಿಆರ್ ಮುಂದೆ ಒಂದು, ಹಿಂದೆ ಒಂದು ಇರೋ ಎರಡೂ ನಾಕ್ಸ್ ಸೆನ್ಸರ್ ಸೊನ್ನೆ ಹತ್ರ ಇಳೀಬೇಕು, ಆಕ್ಸಿಜನ್ ರೀಡಿಂಗ್ 21 ಪರ್ಸೆಂಟ್ ಹತ್ರ ಬರ್ಬೇಕು. ಲ್ಯಾಂಬ್ಡಾ ಸೆನ್ಸರ್ (ಹೊಗೆಯ ಆಕ್ಸಿಜನ್ ಅಳೆಯೋದು) ಇರೋ ಡೀಸೆಲ್ ಕಾರಿಗೂ ಇದೇ ಪರೀಕ್ಷೆ ನಡೆಯತ್ತೆ, 17, 18ರಲ್ಲೇ ನಿಂತ್ರೆ ಅದು ಸುಸ್ತಾಗಿದೆ. ಇನ್ನೊಂದು, ಕ್ಯಾಟಲಿಸ್ಟ್ ಇನ್ನೂ ಬಿಸಿಯಾಗದೆ ಆಡ್‌ಬ್ಲೂ ಚಿಮ್ಮದೆ ಇರೋವಾಗ ಹಿಂದಿನ ಮುಂದಿನ ಎರಡೂ ಸೆನ್ಸರ್ ಹತ್ರಹತ್ರ ಒಂದೇ ನಂಬರ್ ಹೇಳ್ಬೇಕು. ಸ್ಟಾರ್ಟ್ ಮಾಡಿದ ಕೂಡ್ಲೆ ನಂಬರ್ ಬರ್ತಿಲ್ಲ ಅಂತ ಗಾಬರಿ ಆಗ್ಬೇಡಿ, ಪೈಪಲ್ಲಿ ನೀರಿನ ಹನಿ ಇರೋ ತನಕ ಹೀಟರ್ ಆನ್ ಮಾಡಿದ್ರೆ ಸೆರಾಮಿಕ್ ಸೀಳತ್ತೆ ಅಂತ ಇಸಿಯು ಬೇಕಂತಲೇ ಕಾಯತ್ತೆ.

ಎರಡೂ ಸೆನ್ಸರ್ ಪಾಸಾದ್ರೆ, ಬಿಸಿ ಆದ್ಮೇಲೂ ಹಿಂದಿನ ನಂಬರ್ ಮುಂದಿನದಕ್ಕಿಂತ ಚೆನ್ನಾಗಿ ಇಳೀತಿಲ್ಲ ಅಂದ್ರೆ ಆಡ್‌ಬ್ಲೂ ಕಡೆ ಹೋಗಿ. ಇಂಜೆಕ್ಟರ್ ಮೂತೀಲಿ ಬಿಳಿ ಹರಳು ಕಟ್ಟಿ ಸ್ಪ್ರೇ ಆಗೋ ಬದಲು ತೊಟ್ಟಿಕ್ಕತ್ತೆ, ಬಿಸಿ ನೀರಲ್ಲಿ ಆ ಹರಳು ಕರಗತ್ತೆ, ಕೆರೆಯೋದು ಬೇಡ. ದ್ರಾವಣದಲ್ಲಿ ಯೂರಿಯಾ 32.5 ಪರ್ಸೆಂಟ್ ಇರ್ಬೇಕು, ರಿಫ್ರಾಕ್ಟೋಮೀಟರಲ್ಲಿ ಒಂದು ಹನಿ ಹಾಕಿ ನೋಡಿದ್ರೆ ನೀರು ಬೆರೆಸಿದಾರಾ ಗೊತ್ತಾಗತ್ತೆ. ಸೆನ್ಸರಿಗಿಂತ ಮುಂಚೆ ಎಲ್ಲಾದ್ರೂ ಸೈಲೆನ್ಸರ್ ಜಾಯಿಂಟ್ ಲೀಕ್ ಇದ್ರೂ ಹೊರಗಿನ ಗಾಳಿ ಸೇರಿ ರೀಡಿಂಗ್ ಕೆಡತ್ತೆ, ಅದನ್ನೂ ನೋಡಿ. ಕೌಂಟ್‌ಡೌನ್ ಸೊನ್ನೆಗೆ ಬರೋ ತನಕ ಕಾಯ್ಬೇಡಿ, ಆಮೇಲೆ ಟೋಯಿಂಗೇ ಗತಿ.

ಪ್ರಶ್ನೆ: ಸೆನ್ಸರ್ ಬಿಚ್ಚೋಕೆ ಹೋದ್ರೆ ಅಲ್ಲಾಡ್ತಿಲ್ಲ, ನಟ್ಟಿನ ಮೂಲೆ ಉರುಟಾಗಿದೆ.

ಉತ್ತರ: ಅಲ್ಲಿಗೇ ನಿಲ್ಸಿ! ಇನ್ನೂ ಬಲ ಹಾಕಿದ್ರೆ ಸೈಲೆನ್ಸರ್ ಕಡೆ ಥ್ರೆಡ್ಡೂ ಸೇರಿ ಕಿತ್ತು ಬರತ್ತೆ. ರಾತ್ರಿ ತುಕ್ಕು ಬಿಡಿಸೋ ಆಯಿಲ್ ಬುಡಕ್ಕೆ ಬಿಟ್ಟು ನೆನೆಯೋಕೆ ಬಿಡಿ, ಬೆಳಿಗ್ಗೆ ಎಂಜಿನ್ ಸ್ವಲ್ಪ ಹೊತ್ತು ಓಡ್ಸಿ ಪೈಪ್ ಉಗುರು ಬೆಚ್ಚಗಾದ್ಮೇಲೆ ಪ್ರಯತ್ನ ಮಾಡಿ, ಕೆಂಪಗೆ ಕಾದಾಗ ಬೇಡ, ಕೈ ಸುಡತ್ತೆ. ಸಾದಾ ಓಪನ್ ಸ್ಪ್ಯಾನರ್ ಬಿಟ್ಟು ಪಕ್ಕದಲ್ಲಿ ವೈರ್ ಹೋಗೋಕೆ ಸೀಳು ಇರೋ ಸೆನ್ಸರ್ ಸಾಕೆಟ್ ತಗೊಳ್ಳಿ. ಒಂದೇ ಕಡೆ ತಿರುಗಿಸ್ಬೇಡಿ, ಒಂಚೂರು ಬಿಗಿ, ಒಂಚೂರು ಸಡಿಲ, ಹೀಗೆ ಆಡಿಸ್ತಾ ಬನ್ನಿ. ಹೇಗೂ ಹಳೆ ಸೆನ್ಸರ್ ಬಿಸಾಕೋದೇ ಆದ್ರೆ ವೈರ್ ಕತ್ತರಿಸಿ ಮುಚ್ಚಿದ ರಿಂಗ್ ಸ್ಪ್ಯಾನರ್ ಹಾಕಿ, ಆರೂ ಮೂಲೆ ಹಿಡಿಯತ್ತೆ.

ಹೊಸದು ಹಾಕುವಾಗ ಆಂಟಿಸೀಜ್ ಪೇಸ್ಟ್ ಥ್ರೆಡ್ಡಿಗೆ ಮಾತ್ರ, ತುದಿಗೆ ಒಂದು ಚುಕ್ಕೆ ತಾಗಿದ್ರೂ ರೀಡಿಂಗ್ ಹಾಳು. ಎಷ್ಟೋ ಸೆನ್ಸರಿಗೆ ಮೊದಲೇ ಹಚ್ಚಿ ಕಳಿಸಿರ್ತಾರೆ, ಆಗ ಮತ್ತೆ ಹಚ್ಚೋದು ಬೇಡ. ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಕೊನೇಲಿ ಟಾರ್ಕ್ ವ್ರೆಂಚಿಗೆ ಮ್ಯಾನುಯಲಲ್ಲಿರೋ ನಂಬರ್. ತಿರುಗಿಸುವಾಗ ವೈರ್ ಸುತ್ಕೋಬಾರ್ದು, ಹಳೆ ಕ್ಲಿಪ್ಪುಗಳಲ್ಲೇ ಕೂರಿಸ್ಬೇಕು, ಮೊದಲನೇ ಪತ್ರದವರ ಕಥೆ ನೋಡಿದ್ರಲ್ಲ.

ಪ್ರಶ್ನೆ: ಸೆನ್ಸರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆದ್ರೆ ಸರಿಯಾಗತ್ತಾ?

ಉತ್ತರ: ಟೆಂಪರೇಚರ್ ಸೆನ್ಸರ್ ಮೇಲಿನ ಮಸಿ ಮೆತ್ತಗೆ ಒರೆಸಿದ್ರೆ ತಪ್ಪಿಲ್ಲ, ಅದರಿಂದ ಸತ್ತಿದ್ದು ಎದ್ದು ಬರಲ್ಲ. ನಾಕ್ಸ್, ಲ್ಯಾಂಬ್ಡಾಕ್ಕೆ ಪೆಟ್ರೋಲು, ಕಾರ್ಬ್ ಕ್ಲೀನರ್ರು, ವೈರ್ ಬ್ರಷ್ಷು ಯಾವುದೂ ತಾಗಿಸ್ಬೇಡಿ. ಪ್ರೆಷರ್ ಸೆನ್ಸರ್ ಒಳಗಂತೂ ಏನನ್ನೂ ಹಾಕ್ಬೇಡಿ.

ಪ್ರಶ್ನೆ: ಸೆನ್ಸರ್ ಬದಲು ಒಂದು ರೆಸಿಸ್ಟರ್ ಹಾಕಿ ಲೈಟ್ ಆಫ್ ಮಾಡ್ಬೋದಂತೆ, ನನ್ನ ಫ್ರೆಂಡ್ ಮಾಡ್ಸಿದಾನೆ, ಚೆನ್ನಾಗಿದೆ ಅಂತಾನೆ.

ಉತ್ತರ: ಚೆನ್ನಾಗಿರತ್ತೆ, ಸ್ವಲ್ಪ ದಿನ. ಮೇಲೆ ನಾನೇ ರೆಸಿಸ್ಟರ್ ಹಾಕಿ ನೋಡಿ ಅಂದಿದ್ದು ಐದು ನಿಮಿಷದ ಪರೀಕ್ಷೆಗೆ, ಅದನ್ನೇ ಬಿಟ್ಟು ಓಡಿಸಿದ್ರೆ ಫಿಲ್ಟರ್ ಕಾದು ಕೆಂಪಾದ್ರೂ ಇಸಿಯುಗೆ 25 ಡಿಗ್ರಿ ಅಂತಲೇ ಕಾಣತ್ತೆ. ಬಿಸಿ ಸಾಲ್ದು ಅಂತ ಅದು ಇನ್ನಷ್ಟು ಡೀಸೆಲ್ ಸುರಿಯುತ್ತೆ, ಇಲ್ಲಾಂದ್ರೆ ಎಂಜಿನ್ ಬಿಸಿ ಇದ್ದೂ ಹೊಗೆ ಹೇಗೆ ತಣ್ಣಗಿದೆ ಅಂತ ಅನುಮಾನ ಬಂದು ರೀಜನ್ನೇ ನಿಲ್ಸಿ ಬೇರೆ ಕೋಡ್ ಹಾಕತ್ತೆ. ಟರ್ಬೋ ಮುಂದಿನ ಸೆನ್ಸರ್ ಆಗಿದ್ರೆ ಟರ್ಬೋ ಕಾಪಾಡೋರೇ ಇಲ್ಲ. ಡಿಪಿಎಫ್ ಒಳಗಿಂದು ತೆಗೆಸಿ ಸಾಫ್ಟ್‌ವೇರ್ ಬದಲಾಯಿಸೋದರ ಬಗ್ಗೆ ಕೇಳಿದವರಿಗೂ ಇದೇ ಉತ್ತರ, ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ಮತ್ತು ಆ ಮಸಿ ಹೋಗೋದು ಹಿಂದೆ ಬರ್ತಿರೋರ ಎದೆಗೆ. ನಾನು ದಾರಿ ಹೇಳ್ಕೊಡಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡ್ತಿದೀನಿ. ಕೋಡ್ ಅಳಿಸಿ ಮಾರ್ತಾರಂತೆ, ಸೆನ್ಸರ್, ಡಿಪಿಎಫ್ ಸರಿ ಇದ್ಯಾ ಅಂತ ಹೇಗೆ ತಿಳ್ಕೊಳ್ಳೋದು?

ಉತ್ತರ: ಸ್ಕ್ಯಾನರಲ್ಲಿ ಕೋಡ್ ಇಲ್ಲ ಅಂತ ಬಂದ್ರೆ ಅಷ್ಟಕ್ಕೇ ಖುಷಿ ಪಡ್ಬೇಡಿ. ರೆಡಿನೆಸ್ ಅನ್ನೋ ಪುಟ ತೆಗೀರಿ, ಕೋಡ್ ಅಳಿಸಿದಾಗ ಅಲ್ಲಿರೋ ಪರೀಕ್ಷೆಗಳೆಲ್ಲ ಅಪೂರ್ಣ ಅಂತ ವಾಪಸ್ ಹೋಗ್ತವೆ, ಮತ್ತೆ ಪೂರ್ತಿ ಆಗೋಕೆ ಓಡ್ಸಿ ಓಡ್ಸಿ ದಿನ ಹಿಡಿಯತ್ತೆ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಅಂತ ಇನ್ನೊಂದು ಲೆಕ್ಕ ಇರತ್ತೆ, ಅದು ನಿನ್ನೆ ಮೊನ್ನೆಯ ಓಡಾಟದಷ್ಟೇ ಇದ್ರೆ ಯಾಕೆ ಅಳಿಸಿದ್ರಿ ಅಂತ ನೇರವಾಗಿ ಕೇಳಿ. ಒಳ್ಳೆ ಸ್ಕ್ಯಾನರ್ ಇದ್ರೆ ಕೊನೇ ರೀಜನ್ ಆದ್ಮೇಲೆ ಎಷ್ಟು ಕಿಲೋಮೀಟರ್, ಮಸಿ ಎಷ್ಟು ಗ್ರಾಂ, ಬೂದಿ ಎಷ್ಟು ಅಂತ ಸಿಗತ್ತೆ. ಬೂದಿ ಲೆಕ್ಕ ಹಳೆ ಗಾಡೀಲಿ ಸೊನ್ನೆ ಇದ್ರೆ ಒಂದೋ ಫಿಲ್ಟರ್ ಹೊಸದು, ಇಲ್ಲಾ ಬರೀ ಲೆಕ್ಕ ಮಾತ್ರ ರೀಸೆಟ್ ಮಾಡಿದಾರೆ, ಬಿಲ್ ತೋರಿಸಿ ಅನ್ನಿ. ಸೈಲೆನ್ಸರ್ ಬಾಯಿ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ, ಫಿಲ್ಟರ್ ಸರಿ ಇರೋ ಡೀಸೆಲ್ ಕಾರಲ್ಲಿ ದಪ್ಪ ಕಪ್ಪು ಮಸಿ ಬರೋ ಹಾಗಿಲ್ಲ. ಡಿಪ್‌ಸ್ಟಿಕ್ ತೆಗೆದು ಮಟ್ಟ ನೋಡಿ, ಮೂಸಿ ನೋಡಿ. ಮತ್ತೆ ಗಾಡಿ ನೋಡೋಕೆ ಬೆಳಿಗ್ಗೇನೇ ಹೋಗಿ, ನಾನು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಮುಂಚೇನೇ ಫೋನಲ್ಲಿ ಹೇಳಿರಿ, ತಣ್ಣಗಿರೋ ಗಾಡೀಲಿ ಟೆಂಪರೇಚರ್ ಎಲ್ಲ ಹೋಲಿಸಿ ನೋಡೋಕೆ ಆಗೋದು ಆಗ ಮಾತ್ರ. ಹೋದಾಗ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಇನ್ನೊಂದಿನ ಬರ್ತೀನಿ ಅಂತ ಹೇಳಿ ವಾಪಸ್ ಬನ್ನಿ.